ಕೆರೆ ಅಡವಿಟ್ಟ ಚೊಂಬು

೧೯೫೮ರಲ್ಲಿ ನಾನು ತುಮಕೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮೀನಿನ ಮಾದರಿ ತರಲು ಕುಣಿಗಲ್ ಕೆರೆಗೆ ಹೋದವನು, ಬೆಸ್ತರ ಗಂಗಣ್ಣನ ಹರಿಗೋಲಿನಲ್ಲಿ ನಿಂತು ಬಲೆಯನ್ನು ನಾನೇ ಬೀಸುತ್ತೇನೆಂದು ಹಟ ಹಿಡಿದೆ. ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಲು ಮರೆತಿದ್ದೆ. ಬಲೆ ಹಗ್ಗದ ಸಮೇತ ಮುಳುಗಿತು.

"ಇರೋದೊಂದೇ ಬಲೆ ಸ್ವಾಮಿ. ನಾಳಿಕ್ಕೆ ಮನೇಲಿ ಏನ್ ಬೇಯ್ಸಾನ, ನಿಮ್ ಪುಸ್ತಕವಾ?" ಎಂದ ಗಂಗಣ್ಣ.

ದಡದ ಮನೆಯ ಕರಿಬಸಮ್ಮನ ಬಳಿ, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಇತ್ತು. ಅದನ್ನು ಕೊಡುವವರು ಬದಲಿಗೆ ಒಂದು ಪಾತ್ರೆ ಅಡವಿಡಿಸಿಕೊಳ್ಳುವುದು ವಾಡಿಕೆ. ಅಮ್ಮನ ಹೆಸರು ಕೊರೆಸಿದ್ದ ನನ್ನ ಹಿತ್ತಾಳೆ ಚೊಂಬನ್ನು ಇಟ್ಟು ಗರಡಿ ತಂದೆ.

ಇಳಿಬಿಟ್ಟ ಗರಡಿಗೆ ಏನೋ ಸಿಕ್ಕಿತು. ಮೇಲೆ ಬಂದದ್ದು ಚೊಂಬು. ಒಳಗೆ ನೀರಿನ ಪಸೆಯೂ ಇರಲಿಲ್ಲ. ಯಾರೋ ಈಗಷ್ಟೇ ಕೈಬಿಟ್ಟಂತೆ ಬೆಚ್ಚಗಿತ್ತು. ಕಂಠದಲ್ಲಿ 'ಸರ್ವಮಂಗಳ' ಎಂದು ಅಮ್ಮನ ಹೆಸರು.

"ವಾಪಸ್ ಬುಡಿ ಸ್ವಾಮಿ! ಬಲೆ ಇಸ್ಕಂಡು ಕೆರೆ ಇದ್ನ ಅಡ ಮಡಗೈತೆ," ಎಂದ ಗಂಗಣ್ಣ.

ನಂಬದೆ ಆ ಚೊಂಬು ಹಿಡಿದು ಕರಿಬಸಮ್ಮನಲ್ಲಿಗೆ ಓಡಿದೆ. ಅವಳು ಗೂಡಿನಿಂದ ನನ್ನ ಚೊಂಬನ್ನೂ ತಂದಳು. ಅದೇ ಅಕ್ಷರ, ಅದೇ ನೆಗ್ಗು. ಅಷ್ಟರಲ್ಲಿ ಕೆರೆಯದೂ ತಣ್ಣಗಾಗಿತ್ತು. ತಿರುಗಿಸಿ ತಿರುಗಿಸಿ ನೋಡುವುದರಲ್ಲಿ ಎರಡೂ ಅದಲುಬದಲಾದವು.

"ಇದ್ರಲ್ಲಿ ನಿಂದ್ಯಾವ್ದಪ್ಪ?" ಎಂದಳು.

ಗಂಗಣ್ಣನ ಮುಖ ನೋಡಲಾರದೆ ಒಂದನ್ನು ಕೆರೆಗೆ ಬಿಟ್ಟೆ. ಬೆಳಿಗ್ಗೆ ಬಲೆ ದಡದಲ್ಲಿತ್ತು, ಒಣಗಿ, ಮಡಿಸಿಟ್ಟಂತೆ.

ಇನ್ನೊಂದು ಚೊಂಬು ನಮ್ಮ ಅಡುಗೆಮನೆಯಲ್ಲಿದೆ. ಅಮ್ಮ ಅದನ್ನು ಮುಟ್ಟುವುದಿಲ್ಲ. ತಣ್ಣೀರು ತುಂಬಿಟ್ಟು ಥರ್ಮಾಮೀಟರ್ ಇಟ್ಟು ನೋಡಿದ್ದೇನೆ: ನೀರು ಮೆಲ್ಲಗೆ ಬಿಸಿಯೇರಿ, ಮನುಷ್ಯನ ಮೈಶಾಖಕ್ಕೆ ಬಂದು ನಿಲ್ಲುತ್ತದೆ.