ಮೂರನೆಯ ಸಾಲಿನ ಎರಡನೆಯ ಅಕ್ಷರ

“ನಿನ್ನೆ ಇದೇ ಕೋಣೆಯಲ್ಲಿ ಹರ್ಷದಾ ಮೇಲೆ ಕೈ ಎತ್ತಿದವ ನೀನೇ!”

“ಕೈ ಎತ್ತಲಿಲ್ಲಲೇ, ದನಿ ಎತ್ತಿದೆ! ಸುಳ್ಳು ಹೇಳಿದರ ಹಲ್ಲು ಉದುರಿಸ್ತೇನಿ!”

“ನೋಡ್ರಿ ಮೇಡಂ, ಪೊಲೀಸರ ಎದುರಿಗೇ ಹೆಂಗ ಮಾತಾಡ್ತಾನ!”

ಇನ್‌ಸ್ಪೆಕ್ಟರ್ ಶೀತಲ್ ಉಪಾಧ್ಯೆ ಮೇಜು ಕುಟ್ಟಿದರು. ನನ್ನ ಮೇಲೆ ದೂರು ಹೇಳುತ್ತಿದ್ದ ಮಂದಾರ ಬಾಯಿ ಮುಚ್ಚಿದ. ನಾನೂ ಮುಚ್ಚಿದೆ.

ಕೆಳಗೆ, ಹಿಂದಿನ ಮೆಟ್ಟಿಲ ಬುಡದಲ್ಲಿ, ಹರ್ಷದಾಳ ಹೆಣ ಬಿಳಿ ಬಟ್ಟೆಯಡಿ ಮಲಗಿತ್ತು. ತಲೆಯ ಹಿಂಭಾಗ ಒಡೆದಿತ್ತು. ಬೆಳಗಿನ ಹನ್ನೊಂದೂಕಾಲಿಗೆ ಅದನ್ನು ಮೊದಲು ಕಂಡವನು ನಾನು. ಹಿಂದಿನ ದಿನ ಅವಳ ಜೊತೆ ಜಗಳಾಡಿದವನೂ ನಾನೇ. ಪೊಲೀಸರಿಗೆ ಇನ್ನೇನು ಬೇಕು?

ನನ್ನ ಹೆಸರು ಕಾಶಪ್ಪ. ಪುಣೆಯ ಕಾತ್ರಜದಲ್ಲಿ ಬೆಳಗಾವಿ ಬಸ್ಸಿನ ಪಾರ್ಸೆಲ್ ಇಳಿಸುವ ಆಫೀಸಿನ ಕಾರಕೂನ. ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆ. ಓದುವಾಗ ಕಣ್ಣು ಹೇಗೆ ಓಡುತ್ತದೆಂದು ಸಂಶೋಧನೆ ಮಾಡುತ್ತಿದ್ದ ಹರ್ಷದಾ ಇಲ್ಲಿಯ ಕನ್ನಡಿಗರನ್ನು ಹುಡುಕಿ ಹುಡುಕಿ ಈ ಪ್ರಯೋಗಶಾಲೆಗೆ ಕರೆಸುತ್ತಿದ್ದಳು. ಗದ್ದವನ್ನು ಕಬ್ಬಿಣದ ಆನಿಕೆಯ ಮೇಲಿಟ್ಟು ಪರದೆಯಲ್ಲಿ ಪದ್ಯ ಓದಬೇಕು. ಕಣ್ಣು ಎಲ್ಲಿ ನಿಂತಿತು, ಎಲ್ಲಿ ಹಿಂದೆ ಹೋಯಿತು ಎಂಬುದನ್ನು ಕ್ಯಾಮೆರಾ ಹಿಡಿದು ಪದ್ಯದ ಮೇಲೆ ಕೆಂಪು ಚುಕ್ಕೆ ಇಡುತ್ತದೆ. ಇಪ್ಪತ್ತು ಪದ್ಯ, ನಲವತ್ತು ನಿಮಿಷ.

“ಜಗಳ ಯಾಕ ಆತು?” ಇನ್‌ಸ್ಪೆಕ್ಟರ್ ಕೇಳಿದರು. ಅವರು ಚಿಕ್ಕೋಡಿ ಕಡೆಯವರು, ಕನ್ನಡ ಬಲ್ಲವರು.

“ಅಚ್ಚಿನ ತಪ್ಪಿಗ್ರಿ. ಕೊನೇ ಪದ್ಯ ಅಕಿನ ಬರದದ್ದು.” ನಾಲ್ಕೂ ಸಾಲು ಹೇಳಿದೆ:

ಇಳಿದ ಬಿಸಿಲಿಗೆ ಅಂಗಳ ತಣಿಯಿತು,
ಸುಳಿದ ಗಾಳಿಗೆ ದೀಪ ಬೆದರಿತು,
ಬಳಿಗೆ ಬಂದವರು ನಿಲ್ಲಲಿಲ್ಲ,
ಕಳೆದ ಹೆಜ್ಜೆಯ ಹುಡುಕಲಿಲ್ಲ.

“ಎಲ್ಲಾ ಸಾಲಿನಾಗೂ ಎರಡನೇ ಅಕ್ಷರ ಳಕಾರ. ಪರದೆ ಮ್ಯಾಲೆ ಮೂರನೇ ಸಾಲು ‘ಬಲಿಗೆ’ ಅಂತಿತ್ತು! ನಮ್ಮ ಮಾಸ್ತರ್ರು ಪ್ರಾಸ ತಪ್ಪಿದರ ಗೆಣ್ಣಿಗೆ ಬೆತ್ತದ ಏಟು ಕೊಡತಿದ್ರು. ನನಗ ಸಿಟ್ಟು ಬಂತು. ‘ಕನ್ನಡ ಬರಿಯಾಕ ಬರದಿದ್ರ ಮಶೀನ್ ಯಾಕ ಹಚ್ಚೀದಿ?’ ಅಂದೆ. ಇನ್ನೂ ನಾಕು ಮಾತು ಅಂದೆ.”

“ಆಮೇಲೆ?”

“ಅಕಿ ಮಾರಿ ಸಣ್ಣದಾತು. ನಾ ಎದ್ದು ಹೋದೆ.”

“ಇವತ್ತು ಮತ್ತ ಯಾಕ ಬಂದ್ರಿ?”

ಕೈಯಲ್ಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದೆ.

“ಉತ್ತರ ಎಲ್ಲಿಂದ ಬರಬೇಕು?” ಮಂದಾರ ಮೂಗು ಮುರಿದ. ಅವನು ಹರ್ಷದಾಳ ಸಹೋದ್ಯೋಗಿ. ಧಾರವಾಡದ ಮನೆತನ, ಹುಟ್ಟಿದ್ದು ಪುಣೆಯಲ್ಲೇ.

ಇನ್‌ಸ್ಪೆಕ್ಟರ್ ಅವನತ್ತ ತಿರುಗಿದರು. “ಹತ್ತೂವರೆಗೆ ವಾಚ್‌ಮನ್ ಅಕಿನ್ನ ಜೀವಂತ ನೋಡ್ಯಾನ. ಅಲ್ಲಿಂದ ಹನ್ನೊಂದೂಕಾಲರ ತನಕ ನೀವು ಎಲ್ಲಿದ್ರಿ?”

“ಇದೇ ಕುರ್ಚಿಯಲ್ಲಿ. ಮಶೀನ್ ತಪಾಸಣೆಗೆ ಇಪ್ಪತ್ತೂ ಪದ್ಯ ಓದಿದೆ. ದಾಖಲೆ ನೋಡ್ರಿ. ಹತ್ತು ಮೂವತ್ತೈದರಿಂದ ಹನ್ನೊಂದು ಹದಿನೈದು. ನನ್ನ ಹೆಸರು, ನನ್ನ ಕಣ್ಣು. ಗದ್ದ ಎತ್ತಿದರೂ ಅದರಲ್ಲಿ ಕಾಣತದ.”

ಅವನಿಗೆ ಯಂತ್ರವೇ ಸಾಕ್ಷಿ. ಆ ಹೊತ್ತಿನಲ್ಲಿ ನಾನು ಕಾತ್ರಜದ ಬಸ್ಸಿನಲ್ಲಿ ಜೋತಾಡುತ್ತಿದ್ದೆ—ನನಗೆ ಯಾರು ಸಾಕ್ಷಿ?

ಇನ್‌ಸ್ಪೆಕ್ಟರ್ ಮಂದಾರನ ದಾಖಲೆಯ ಕೊನೆಯ ಪುಟವನ್ನು ಮುದ್ರಿಸಿಕೊಂಡು ಬಹಳ ಹೊತ್ತು ನೋಡಿದರು.

“ಮೂರನೇ ಸಾಲಿನಾಗ ನಿಮ್ಮ ಕಣ್ಣು ಭಾಳ ಹೊತ್ತು ನಿಂತದ. ಎರಡನೇ ಅಕ್ಷರದ ಮ್ಯಾಲೆ. ಅಲ್ಲಿಂದ ಮ್ಯಾಲಿನ ಸಾಲಿಗೆ ಏರಿ, ಇಳಿದು, ಮತ್ತ ಏರೇದ. ಯಾಕ?”

ಮಂದಾರ ನಕ್ಕ. “ಅಲ್ಲೇ ಅಲ್ಲೇನ್ರಿ ತಪ್ಪಿದ್ದು? ‘ಬಲಿಗೆ’ ಅಂತ. ಯಾರ ಕಣ್ಣಾದರೂ ನಿಲ್ಲತದ.”

“ಇವತ್ತು ನೀವು ಓದಿದಾಗ ‘ಬಲಿಗೆ’ ಅಂತಿತ್ತು?”

“ಹೌದ್ರಿ.”

“ಖಾತ್ರಿ?”

“ಖಾತ್ರಿ!”

ಇನ್‌ಸ್ಪೆಕ್ಟರ್ ಕಾಗದವನ್ನು ಅವನ ಮುಂದೆ ತಳ್ಳಿದರು. “ಓದ್ರಿ ಈಗ.”

ಮಂದಾರ ಬಗ್ಗಿದ. ಅವನ ತುಟಿ ಅಲುಗಿತು.

ಕಾಗದದಲ್ಲಿ ‘ಬಳಿಗೆ’ ಎಂದಿತ್ತು.

“ಹರ್ಷದಾ ಇವತ್ತು ಮುಂಜಾನೆ ಒಂಬತ್ತಕ್ಕೆ ತಿದ್ಯಾಳ. ಮಶೀನಿನಾಗ ವೇಳೆ ಅದ. ನೀವು ನಿಜವಾಗಿ ಆ ಕುರ್ಚಿಯೊಳಗ ಕೂತಿದ್ರ ಸರಿ ಮಾಡಿದ ಪದ್ಯ ಓದತಿದ್ರಿ. ಸರಿ ಇದ್ದ ಅಕ್ಷರಕ್ಕ ಯಾರು ಎರಡೆರಡು ಸಲ ಹಿಂದ ಹೋಗತಾರ?” ಅವರು ಸತ್ತವಳ ಚೀಲದಿಂದ ಇನ್ನೊಂದು ಮುದ್ರಿತ ಹಾಳೆ ತೆಗೆದರು. “ಇದು ಕಾಶಪ್ಪನವರು ನಿನ್ನೆ ಓದಿದ್ದು.”

ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದರು. ಚುಕ್ಕೆಯ ಮೇಲೆ ಚುಕ್ಕೆ ಕೂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಕಣ್ಣು ಕಾಶಪ್ಪಂದು. ಹೆಸರು, ವೇಳೆ ನೀವು ಹಾಕಿದ್ದು. ಪದ್ಯದ ಪುಟ ಮಾತ್ರ ಮಶೀನು ಇವತ್ತಿಂದು ಹಾಕಿಬಿಡ್ತು. ಅದು ತಿದ್ದಿದ್ದು ನಿಮಗ ಗೊತ್ತಿರಲಿಲ್ಲ.”

ಅವಳನ್ನು ಕೊಂದವನಿಗೆ ನನ್ನ ಕಣ್ಣೇ ಸಾಕ್ಷಿ ಹೇಳಿತ್ತು!

“ಈ ವಿದ್ಯೆ ನಿಮಗ ಹೊಸದಲ್ಲ,” ಇನ್‌ಸ್ಪೆಕ್ಟರ್ ಮುಂದುವರಿಸಿದರು. “ನಿಮ್ಮ ಸಂಶೋಧನಾ ಪ್ರಬಂಧದಾಗ ನಲವತ್ತು ಓದುಗರು. ಕಣ್ಣು ಮಾತ್ರ ಒಂಬತ್ತು ಮಂದೀವು, ಅವನ್ನ ಹೆಸರು ಬದಲಿಸಿ ಮತ್ತ ಮತ್ತ ಹಾಕೀರಿ. ಹರ್ಷದಾ ಅದನ್ನ ಹಿಡಿದು ಚೀಟಿ ಬರದಿಟ್ಟಾಳ. ಇವತ್ತು ಪ್ರೊಫೆಸರಿಗೆ ಹೇಳುವಾಕಿ ಇದ್ಲು. ಹೌದಲ್ಲೊ?”

“ಆರು ವರ್ಷ…” ಮಂದಾರ ಗೋಡೆಗೆ ಒರಗಿದ. “ಆರು ವರ್ಷ ದುಡಿದೀನ್ರಿ. ಪದವಿ ಕೈಗೆ ಬರೋತನಕ ಒಂದು ತಿಂಗಳು ತಡಿ ಅಂತ ಕೈ ಮುಗದೆ. ಕೇಳಲಿಲ್ಲ. ಮೆಟ್ಟಿಲ ಮೇಲೆ ತಿರುಗಿ ನಿಂತಳು. ನೂಕಿದೆ.”

“ಚಲಾ,” ಎಂದು ಮರಾಠಿಯಲ್ಲಿ ಹೊರಡಲು ಹೇಳಿ ಪೇದೆ ಅವನ ರಟ್ಟೆ ಹಿಡಿದು ಕರೆದೊಯ್ದ.

ಅವರು ಹೋದ ಮೇಲೆ ಇನ್‌ಸ್ಪೆಕ್ಟರ್ ನನ್ನ ಹಾಳೆಯನ್ನು ನನ್ನತ್ತ ಚಾಚಿದರು. ಅಂಚಿನಲ್ಲಿ ಪೆನ್ಸಿಲಿನ ದುಂಡಗಿನ ಅಕ್ಷರ: ‘ಕಾಕಾ ಬೈದದ್ದು ಖರೆ. ಳ ಹಾಕಬೇಕು. ಫೋನ್ ಮಾಡಿ ಕ್ಷಮೆ ಕೇಳಬೇಕು.’

ಅವಳು ನನ್ನನ್ನು ಕ್ಷಮೆ ಕೇಳಬೇಕಂತೆ!

ಚೀಲದಿಂದ ಕುಂದಾ ಮಿಠಾಯಿಯ ಡಬ್ಬಿ ತೆಗೆದು ಅವಳ ಮೇಜಿನ ಮೇಲಿಟ್ಟೆ. ಬೈದ ತಪ್ಪಿಗೆ ಅವಳಿಗೆ ಕೊಡಲೆಂದು ಬೆಳಗಿನ ಬಸ್ಸಿಗೆ ಬೆಳಗಾವಿಯಿಂದ ತರಿಸಿದ್ದು. ಯಾಕೆ ಬಂದಿದ್ದೆನೆಂದು ಇನ್‌ಸ್ಪೆಕ್ಟರ್ ಮತ್ತೆ ಕೇಳಲಿಲ್ಲ.

“ಪದ್ಯ ಈಗ ಸರಿ ಅದ,” ಅವರು ಮೆಲ್ಲಗೆ ಪರದೆ ತೋರಿಸಿದರು. “ಒಮ್ಮೆ ಓದ್ರಿ.”

ಒಂದು ಸಾಲು ಓದಿದೆ. ಎರಡು ಓದಿದೆ. ಮೂರನೆಯದಕ್ಕೆ ಕಣ್ಣು ಇಳಿಯಲಿಲ್ಲ.

ಎದ್ದು ಮುಂದಿನ ಮೆಟ್ಟಿಲಿಂದ ಇಳಿದು ಬೀದಿಗೆ ಬಂದೆ. ಕಾತ್ರಜದ ಬಸ್ಸು ಹತ್ತಿದೆ. ಆಮೇಲೆ ಪ್ರಯೋಗಶಾಲೆಯವರು ಪದ್ಯ ಓದಲು ಬರಬೇಕೆಂದು ಎರಡು ಸಲ ಹೇಳಿಕಳಿಸಿದರು. ಆ ಕಟ್ಟಡಕ್ಕೆ ನಾನು ಮತ್ತೆ ಕಾಲಿಡಲಿಲ್ಲ.