ಜೋಳದ ಸಾಲಿನ ಹದಿನಾಲ್ಕು ಗಿಡ

ತೊಂಬತ್ತೇಳರ ಸೆಪ್ಟೆಂಬರಿನ ಒಂದು ಮಬ್ಬು ಬೆಳಿಗ್ಗೆ, ಹುಲಿಕೆರೆಯ ಗಿಡ್ಡಯ್ಯನ ಮುಸುಕಿನ ಜೋಳದ ಹೊಲದಲ್ಲಿ ಹದಿನಾಲ್ಕು ಗಾಂಜಾ ಗಿಡ ಸಿಕ್ಕವು. ಹೆಸರು ಹೇಳದ ಯಾರೋ ಠಾಣೆಗೆ ಫೋನ್ ಮಾಡಿ, ಎಷ್ಟನೇ ಸಾಲು ಎನ್ನುವುದನ್ನೂ ಬಿಡದೆ ತಿಳಿಸಿದ್ದರು. ಸಬ್ ಇನ್ಸ್‌ಪೆಕ್ಟರ್ ದೇವೀರಪ್ಪ ಹೋದರು, ಗಿಡ ಕೀಳಿಸಿದರು, ಹಲ್ಲುಜ್ಜುತ್ತಿದ್ದ ಗಿಡ್ಡಯ್ಯನನ್ನು ಹಾಗೇ ಜೀಪು ಹತ್ತಿಸಿದರು.

ಮಧ್ಯಾಹ್ನದ ಹೊತ್ತಿಗೆ ಆ ಗಿಡಗಳು ಬೇಲೂರಿನ ಕಾಲೇಜಿನಲ್ಲಿ, ಸಸ್ಯಶಾಸ್ತ್ರದ ಅಧ್ಯಾಪಕಿ ಆಶಾರಾಣಿಯ ಮೇಜಿನ ಮೇಲೆ ಬಾಡಿ ಬಿದ್ದಿದ್ದವು.

"ನಾಳೆ ವಕೀಲರು ಇದು ಪುಂಡಿ ಸೊಪ್ಪು ಅಂದುಬಿಟ್ರೆ?" ಎಂದರು ದೇವೀರಪ್ಪ. "ಲ್ಯಾಬ್ ರಿಪೋರ್ಟ್ ಬರೋದು ಯಾವ ಕಾಲಕ್ಕೋ. ಗಾಂಜಾನೇ ಅಂತ ನೀವೊಂದು ಮಾತು ಬರೆದುಕೊಡಿ ಮೇಡಂ."

ಬಾಗಿಲ ಹೊರಗೆ ಗಿಡ್ಡಯ್ಯನ ತಾಯಿ ರುದ್ರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಆಶಾರಾಣಿಯನ್ನು ಕಂಡೊಡನೆ ಎದ್ದು ಕೈಮುಗಿದಳು.

"ಮೇಡಮ್ಮೋರೆ, ಅದು ಗಾಂಜಾ ಅಲ್ಲ ಅಂತ ಬರ್ದ್‌ಬುಡಿ. ನನ್ ಮಗನ್ನ ಹತ್ ವರ್ಸ ಒಳಿಕ್ ಹಾಕ್ತಾರಂತೆ."

ಆಶಾರಾಣಿ ಅವಳ ಮುಗಿದ ಕೈಗಳನ್ನು ಹಿಡಿದು ಇಳಿಸಿದಳು. "ಸುಳ್ಳು ಬರೆಯೋಕಾಗಲ್ಲಮ್ಮ. ಆದ್ರೆ ಸರಿಯಾಗಿ ನೋಡ್ತೀನಿ."

ನೋಡಿದಳು. ಪುಂಡಿಯ ಎಲೆ ಎಷ್ಟೇ ಸೀಳಿದರೂ ಬುಡದಲ್ಲಿ ಅಂಗೈಯಂತೆ ಕೂಡಿಕೊಂಡಿರುತ್ತದೆ. ಇಲ್ಲಿ ಏಳು ಎಲೆಗಳು ತೊಟ್ಟಿನ ತುದಿಯಿಂದಲೇ ಬೇರೆಬೇರೆ, ಅಂಚಿಗೆಲ್ಲ ಗರಗಸದ ಹಲ್ಲು. ಸಂಶಯವೇ ಇಲ್ಲ, ಗಾಂಜಾ. ಪೆನ್ನು ಎತ್ತಿಕೊಂಡವಳು, ಅಭ್ಯಾಸಬಲದಿಂದ ಮಸೂರ ಹಿಡಿದು ಕಾಂಡದ ಗೆಣ್ಣುಗಳನ್ನೂ ನೋಡಿದಳು. ಒಂದು ಗಿಡ. ಎರಡು. ಹದಿನಾಲ್ಕೂ ನೋಡಿ ಮುಗಿಸುವಷ್ಟರಲ್ಲಿ ಪೆನ್ನು ಮರೆತುಹೋಗಿತ್ತು.

"ಹೊಲದಲ್ಲಿ ಇದ್ದದ್ದು ಇಷ್ಟೇನಾ?"

"ಇಷ್ಟೇ. ಸಾಲು ಸಾಲು ಜಾಲಾಡಿದೀವಿ."

"ಕೀಳುವಾಗ ಬಿಗಿ ಇತ್ತಾ?"

"ಬಿಗಿ ಎಲ್ಲಿ ಬಂತು? ಒಂದೇ ಕೈಗೆ ಬಂತು. ಮಳೆ ಬಿದ್ದಿತ್ತಲ್ಲ."

"ಎದೆಯುದ್ದದ ಗಿಡ ಒಂದೇ ಕೈಗೆ? ತಾಯಿಬೇರು ನೋಡಿ. ಮುರಿದ ಕಡೆ ಒಣಗಿದೆ. ಇದು ಇವತ್ತು ಮುರಿದದ್ದಲ್ಲ. ಸರಿ, ಬುಡದಲ್ಲಿ ಈ ಬಟ್ಟೆ ಚೂರು ಯಾಕೆ?"

"ಗೂಟಕ್ಕೆ ಕಟ್ಟಿದ್ದಿರಬೇಕು."

"ಗೂಟ ಎಲ್ಲಿ?"

"ಗೂಟ ಇರಲಿಲ್ಲ," ಎಂದು ದೇವೀರಪ್ಪ ಮೀಸೆ ಮುಟ್ಟಿಕೊಂಡರು.

"ಮೊದಲು ಆ ಊರು ತೋರಿಸಿ," ಎಂದಳು ಆಶಾರಾಣಿ, ಹಸಿರು ಬಟ್ಟೆ ಚೂರೊಂದನ್ನು ಬಿಚ್ಚಿ ಪರ್ಸಿಗೆ ಹಾಕಿಕೊಳ್ಳುತ್ತ. "ಬರೆಯೋದು ಆಮೇಲೆ."

ಜೀಪಿನಲ್ಲಿ ರುದ್ರಮ್ಮ ಪಕ್ಕದಲ್ಲೇ ಕೂತಳು.

"ನಿಮ್ಮ ಮಕ್ಕಳು ಏನೇನು ಬೆಳೀತಾರಮ್ಮ?"

"ದೊಡ್ಡೋನು ಜೋಳ. ಚಿಕ್ಕೋನು ನಟರಾಜ, ಕೆರೆ ಹಿಂದ್ಕೆ ಪರಂಗಿ ಹಾಕವ್ನೆ."

"ಪರಂಗೀಲಿ ಗಂಡು ಗಿಡ ಬಂದ್ರೆ?"

"ಹೂವ ಕಂಡೇಟ್ಗೆ ಬಟ್ಟೆ ಕಟ್ಟಿ ಗುರ್ತು ಮಾಡೋದು. ಒಂದೆರಡು ಬುಟ್ಟು ಮಿಕ್ಕಿದ್ನೆಲ್ಲ ಕಿತ್ತಾಕೋದು. ಕಾಯಿ ಬಿಡ್ದಿರೋದ್ಕೆ ಯಾಕವ್ವಾ ಗೊಬ್ರ?" ಎಂದು ಹೇಳಿ, ಅಂದು ಮೊದಲ ಸಲ ತುಸು ನಕ್ಕಳು.

ಆಶಾರಾಣಿ ಮುಖ ಹೊರಗೆ ತಿರುಗಿಸಿದಳು. ಆ ನಗುವನ್ನು ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಪರಂಗಿ ತೋಟದಲ್ಲಿ ನಟರಾಜ ಹಣ್ಣು ಕೊಯ್ಯುತ್ತಿದ್ದ. "ಅಣ್ಣ ಇಂಥದ್ ಮಾಡ್ತಾನೆ ಅಂತ ಕನಸ್ನಾಗೂ ಅಂದ್ಕಂಡಿರ್ಲಿಲ್ಲ ಸಾರ್. ಬನ್ನಿ, ಹಣ್ ತಿನ್ನಿ."

ಆಶಾರಾಣಿ ಹಣ್ಣಿನ ಕಡೆ ನೋಡದೆ ನೆಟ್ಟಗೆ ತೋಟದ ಹಿಂಬದಿಗೆ ನಡೆದಳು. ಆಳೆತ್ತರದ ತೊಗರಿ ಗೋಡೆಯಂತೆ ನಿಂತಿತ್ತು. ಅದನ್ನು ಸರಿಸಿದರೆ ಒಳಗೆ ಇಪ್ಪತ್ತಕ್ಕೂ ಹೆಚ್ಚು ಗಾಂಜಾ ಗಿಡ. ನಡುನಡುವೆ ಹೊಸದಾಗಿ ಮುಚ್ಚಿದ ಗುಂಡಿಗಳು. ದೇವೀರಪ್ಪ ಎಣಿಸಿದರು — ಹದಿನಾಲ್ಕು.

"ಕೋಣ ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ," ಎಂದಳು ಆಶಾರಾಣಿ. "ಯಾರ ಹೊಲದಲ್ಲಿ ಸಿಕ್ಕಿತು ಅಂತ ನೋಡಿದ್ರಿ, ಎಂಥ ಗಿಡ ಸಿಕ್ಕಿತು ಅಂತ ನೋಡಲಿಲ್ಲ. ಪರಂಗಿ ಥರಾನೇ ಗಾಂಜಾದಲ್ಲೂ ಗಂಡು ಬೇರೆ, ಹೆಣ್ಣು ಬೇರೆ. ಇಲ್ಲಿ ನೋಡಿ — ಗೆಣ್ಣಿನಲ್ಲಿ ಜೋಡಿ ಬಿಳಿ ಎಳೆ. ಇವೆಲ್ಲ ಹೆಣ್ಣು. ಅಂಟು, ವಾಸನೆ, ಅಮಲು ಎಲ್ಲ ಈ ಹೂಗೊಂಚಲಲ್ಲೇ. ನೀವು ತಂದದ್ದರಲ್ಲಿ ಎಳೆ ಇಲ್ಲ, ನೇತಾಡೋ ಮೊಗ್ಗು ಮಾತ್ರ. ಹದಿನಾಲ್ಕೂ ಗಂಡು. ಅವು ಅರಳಿದ್ರೆ ಹೆಣ್ಣೆಲ್ಲ ಬೀಜ ಕಟ್ಟಿ ಮಾಲು ಕೆಡುತ್ತೆ. ಅದಕ್ಕೇ ಬೆಳೆಯೋನು ಅವನ್ನ ಕಿತ್ತು ಬಿಸಾಡ್ತಾನೆ."

"ಗಿಡ್ಡಯ್ಯನೇ ಬರೀ ಗಂಡು ಬೆಳೆದಿದ್ರೆ?"

"ಬೀಜ ಬಿತ್ತಿದ್ರೆ ಹೆಚ್ಚುಕಮ್ಮಿ ಅರ್ಧ ಗಂಡು, ಅರ್ಧ ಹೆಣ್ಣು. ಹದಿನಾಲ್ಕೂ ಗಂಡೇ ಬರೋದುಂಟೆ? ಕೆರೆ ಹಿಂದಿನ ತೋಟ ಹುಡುಕ್ತೀವಿ ಅಂತ ನೀವು ಊರಲ್ಲಿ ಹೇಳಿದ್ರಾ?"

"ಹೂಂ, ಸೋಮವಾರ ಹೇಳಿದ್ದೆ."

"ಹೇಗೂ ಬಿಸಾಡೋ ಗಿಡ. ಅಣ್ಣನ ಹೊಲದಲ್ಲಿ ನೆಟ್ಟು ಫೋನ್ ಮಾಡಿದ್ರೆ ಜೀಪು ಅಲ್ಲೇ ನಿಲ್ಲುತ್ತೆ. ಬೆಲೆಬಾಳೋ ಒಂದೇ ಒಂದು ಹೆಣ್ಣು ಗಿಡಾನೂ ಜೊತೆಗಿಡೋಕೆ ಮನಸ್ಸು ಬರಲಿಲ್ಲ. ಅಲ್ಲವಾ ನಟರಾಜ?"

"ಸುಳ್ಳು!" ನಟರಾಜ ಕೂಗಿದ. "ಆ ಗಿಡ ನಂದು ಅನ್ನಕ್ಕೆ ಏನೈತೆ?"

ಆಶಾರಾಣಿ ಪರ್ಸಿನಿಂದ ಹಸಿರು ಚೂರು ತೆಗೆದಳು. ಅದನ್ನು ಕೊಡಬಾರದಾಗಿತ್ತು ಎಂದು ಕೊಡುವಾಗಲೇ ಅನಿಸಿತು. ಆದರೂ ಹಿಂದೆಯೇ ಬಂದಿದ್ದ ರುದ್ರಮ್ಮನ ಕೈಗೆ ಕೊಟ್ಟಳು.

ರುದ್ರಮ್ಮ ಅದನ್ನು ಬೆರಳಲ್ಲಿ ಉಜ್ಜಿದಳು. ಮಗನ ಮುಖ ನೋಡಿದಳು. ಈ ಬಟ್ಟೆ ಇಬ್ಬರು ಮಕ್ಕಳಿಗೂ ಕೊಟ್ಟಿದ್ದೆ ಎಂದಿದ್ದರೆ ಆ ಚೂರು ನಟರಾಜನತ್ತ ಬೆರಳು ತೋರುತ್ತಿರಲಿಲ್ಲ. ಆದರೆ ಹಾಗಂದರೆ ದೊಡ್ಡವನು ಒಳಗೇ ಉಳಿಯುತ್ತಿದ್ದ.

"ನನ್ ಹಳೇ ಸೀರೆ," ಎಂದಳು. "ಗೌರಿ ಹಬ್ಬ ಕಳದ್ಮೇಲೆ ಹರ್ದು, ಪರಂಗಿಗೆ ಗುರ್ತು ಕಟ್ಕಳ್ಳಲಾ ಅಂತ ನಟರಾಜಂಗೆ ಕೊಟ್ಟೆ. ಗಿಡ್ಡಂಗೆ ಕೊಡ್ಲಿಲ್ಲ."

ನಟರಾಜ ತಾಯಿಯ ಕಡೆ ತಿರುಗಿದ. "ಎಲ್ಡ್ ದಿನ ಇಟ್ಕಂಡು ಬಿಡ್ತಾರೆ ಅಂದ್ಕಂಡೆ ಕಣವ್ವಾ..."

"ಎಲ್ಡೇ ದಿನ ಆಗಿದ್ರೆ ನೀನೇ ಹೋಗ್ಬೋದಿತ್ತಲ್ಲೋ ಮಗಾ."

ಸಂಜೆ ಠಾಣೆಯಲ್ಲಿ ಆಶಾರಾಣಿ ಬರೆಯಲು ಕೂತಳು. ಗಿಡ್ಡಯ್ಯ ಹೊರಗಿನ ಜಗುಲಿಯಲ್ಲಿದ್ದ, ನಟರಾಜ ಒಳಗೆ. ರುದ್ರಮ್ಮ ಮೇಜಿನ ಬಳಿ ಬಂದು ನಿಂತು ಮತ್ತೆ ಕೈಮುಗಿದಳು.

"ಮೇಡಮ್ಮೋರೆ, ಅದು ಗಾಂಜಾ ಅಲ್ಲ ಅಂತ ಬರ್ಯಕ್ಕಾಗಲ್ವಾ?"