ಏಳನೆಯದು ತಾಮ್ರದ ಬಟ್ಟಲು

ಅವಳು ಹತ್ತು ಹನ್ನೆರಡು ವರ್ಷ ಕೂತು ಕಂಪ್ಯೂಟರ್ ಆಟವೊಂದಕ್ಕೆ ಬರೆದದ್ದನ್ನು ದಾಟಿಹೋಗಲು ಆಟಗಾರರಿಗೆ ಒಂದು ಬೆರಳು ಸಾಕಾಗುತ್ತಿತ್ತು. ಪರದೆಯ ಮೂಲೆಯಲ್ಲಿ ಸ್ಕಿಪ್ ಎಂಬ ಪುಟ್ಟ ಗುಂಡಿ. ಗುಹೆಯ ಬಾಗಿಲಲ್ಲಿ ಕೂತ ಮುದುಕಿ "ಮಗೂ, ಈ ಕನ್ನಡಿ ಬಿರುಕು ಬಿಟ್ಟದ್ದು ಹೇಗೆ ಗೊತ್ತೇನು?" ಎಂದು ಶುರು ಮಾಡುವಷ್ಟರಲ್ಲಿ ಟಕ್ ಎಂದು ಒತ್ತಿಬಿಡುತ್ತಿದ್ದರು. ಮುದುಕಿ ಬಾಯಿ ಮುಚ್ಚುತ್ತಿದ್ದಳು, ಕತ್ತಿ ಒರೆಯಿಂದ ಹೊರಬರುತ್ತಿತ್ತು. ನೂರಕ್ಕೆ ತೊಂಬತ್ತೇಳು ಜನ ಹೀಗೆ ಒತ್ತುತ್ತಾರೆ ಎಂದು ಒಂದು ಸಭೆಯಲ್ಲಿ ಬಣ್ಣಬಣ್ಣದ ನಕ್ಷೆ ಹಾಕಿ ತೋರಿಸಿದ್ದರು. ಉಳಿದ ಮೂವರು ಆ ಹೊತ್ತಿಗೆ ನೀರು ಕುಡಿಯಲು ಎದ್ದು ಹೋಗಿರಬೇಕು ಎಂದು ಯಾರೋ ಹೇಳಿದಾಗ ಕೋಣೆಯೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು. ಮನೆಗೆ ಬಂದು ಊಟ ಮಾಡದೆ ಮಲಗಿದ್ದಳು.

ಅವಳ ದೃಷ್ಟಿಯಲ್ಲಿ ಆ ಆಟದ ಲೋಕ ನಿಂತಿದ್ದೇ ಕಾಲಜ್ಞಾನದ ಏಳು ವಸ್ತುಗಳ ಮೇಲೆ. ಏಳೂ ಅವಳ ತಲೆಯಿಂದ ಹುಟ್ಟಿದವು. ಮುಂದೆ ಬರಲಿರುವವರ ಬೆನ್ನನ್ನು ಮಾತ್ರ ತೋರಿಸುವ ಬಿರುಕು ಕನ್ನಡಿ. ರಾಜ ಸಾಯುವ ಮೊದಲು ತಾನಾಗಿ ಮೊಳಗುವ, ನಾಲಗೆಯಿಲ್ಲದ ಗಂಟೆ. ದಾರಿ ತಪ್ಪಲಿರುವವನ ಕೈಯಲ್ಲಿ ಮಾತ್ರ ಭಾರವಾಗುವ ಕುರುಡನ ಕೋಲು. ಪ್ರತಿಯೊಂದಕ್ಕೂ ವಂಶಾವಳಿ ಇತ್ತು, ಕಳ್ಳತನದ ಚರಿತ್ರೆ ಇತ್ತು, ಶಾಪ ಇತ್ತು. ಉಳಿದವರ ದೃಷ್ಟಿಯಲ್ಲಿ ಆ ಲೋಕ ನಿಂತಿದ್ದು ಕತ್ತಿಯ ಮೇಲೆ. ಆಫೀಸಿನಲ್ಲಿ ಅವಳ ಬೆನ್ನ ಹಿಂದೆ ಅವಳಿಗಿದ್ದ ಹೆಸರು ಅಜ್ಜಿಕತೆ. "ಅಜ್ಜಿಕತೆ ಬಂದ್ರಾ?" ಎಂದು ಕೇಳುವುದು ಗೋಡೆಯಾಚೆಯಿಂದ ಅವಳಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅವಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಏಳನೆಯದು, ತಾಮ್ರದ ಬಟ್ಟಲು. ಪಾಳು ಕೋಟೆಯ ಕಟ್ಟೆಯ ಮೇಲೆ ಇಟ್ಟ ಆ ಬಟ್ಟಲು ಬಗ್ಗಿ ನೋಡಿದವನಿಗೆ ತುಂಬಿಕೊಳ್ಳುತ್ತದೆ, ಅವನ ಮುಂದಿನ ಗತಿಯನ್ನು ನೀರಿನಲ್ಲಿ ತೋರಿಸುತ್ತದೆ. ಎದುರಿಗೆ ಯಾರೂ ಇಲ್ಲದಿದ್ದರೆ ಒಣಗಿರುತ್ತದೆ. ಹೀಗೆಂದು ಅವಳು ಬರೆದಿದ್ದಳು. ಆದರೆ ಆಟದಲ್ಲಿ ಅದು ಯಾರು ಬಗ್ಗಿದರೂ ಒಣಗಿಯೇ ಇತ್ತು, ಏಕೆಂದರೆ ನೀರು ಬರುವಂತೆ ಮಾಡುವ ಕೆಲಸವನ್ನು ಯಾರೂ ಮಾಡಿರಲಿಲ್ಲ. ಆಟಗಾರರು ಅದನ್ನು ಎತ್ತಿಕೊಂಡು ಹೋಗಿ ಆಟದೊಳಗಿನ ಗುಜರಿಯವನಿಗೆ ಕೊಟ್ಟು ಒಂದು ಕಟ್ಟು ಬಾಣ ತೆಗೆದುಕೊಳ್ಳುತ್ತಿದ್ದರು.

ಮಾಡಬೇಕಾಗಿದ್ದವನು ಅವಳ ತಂಗಿಯ ಗಂಡ. ಆಟ ಹುಟ್ಟಿದ್ದೇ ತಂಗಿಯ ಮನೆಯ ಊಟದ ಮೇಜಿನ ಮೇಲೆ. ಒಂದು ತುದಿಯಲ್ಲಿ ಅವನು ಕಂಪ್ಯೂಟರ್ ಕುಟ್ಟುತ್ತಿದ್ದ, ಇನ್ನೊಂದು ತುದಿಯಲ್ಲಿ ಇವಳು ಬರೆಯುತ್ತಿದ್ದಳು. "ನೀವು ಬರೀತಾ ಹೋಗಿ ಅಕ್ಕ, ನಾನು ಒಂದೊಂದಾಗಿ ಸೇರಿಸ್ತಾ ಹೋಗ್ತೀನಿ" ಎಂದಿದ್ದ. ಆಮೇಲೆ ಕಂಪನಿಯಾಯಿತು, ಮೂರು ಅಂತಸ್ತಿನ ಆಫೀಸಾಯಿತು, ಅವನು ಯಜಮಾನನಾದ. ಬಟ್ಟಲಿನ ಮಾತೆತ್ತಿದಾಗಲೆಲ್ಲ "ಮಾಡೋಣ ಅಕ್ಕ, ಈ ಸಲ ಒಂದು ಬಿಡಿ" ಎನ್ನುತ್ತಿದ್ದ. ಆ 'ಈ ಸಲ' ಎಷ್ಟು ಸಲ ಬಂತೋ. ಕೊನೆಗೆ ಹೊಸ ಆಟದ ಮೊದಲ ಸಭೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟ: "ಈ ಸಲ ಮಾತು ಕಮ್ಮಿ ಮಾಡೋಣ. ಜನ ಓದಲ್ಲ."

ಜನ ಓದುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಅವಳ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಇವನೂ ಓದಿರಲಿಲ್ಲ. ಕನ್ನಡಿಯನ್ನೂ ಗಂಟೆಯನ್ನೂ ಅದಲುಬದಲು ಮಾಡಿ ಮಾತಾಡುತ್ತಿದ್ದ, ತಿದ್ದಿದರೆ "ಹಾಂ ಹಾಂ, ಅದೇ" ಎನ್ನುತ್ತಿದ್ದ.

ಆಮೇಲೆ ಗುಸುಗುಸು ಶುರುವಾಯಿತು. ಅವಳು ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಪರದೆಯ ಮೇಲಿನ ಚಿತ್ರ ಮಾಯವಾಗುತ್ತಿತ್ತು. ಏಳನೆಯ ವಸ್ತುವಿನ ಕಡತ ಅವಳ ಪಾಸ್‌ವರ್ಡಿಗೆ ತೆರೆಯದಾಯಿತು. ಒಂದು ಮಧ್ಯಾಹ್ನ ಸಭಾಕೋಣೆಯ ಬಾಗಿಲಾಚೆ ತಂಗಿಯ ಗಂಡನ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಅಕ್ಕನಿಗೆ ಮಾತ್ರ ಈಗ್ಲೇ ಗೊತ್ತಾಗ್ಬಾರ್ದು. ಬಟ್ಟಲಿನ ಕೆಲಸ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

ಬಟ್ಟಲಿಗೆ ಎಳ್ಳುನೀರು ಬಿಡುತ್ತಿದ್ದಾರೆ ಎಂದು ಅವಳು ಅರ್ಥ ಮಾಡಿಕೊಂಡಳು. ಬಟ್ಟಲಿನ ಹಿಂದೆ ಉಳಿದ ಆರೂ ಹೋಗುತ್ತವೆ, ಆರರ ಹಿಂದೆ ತಾನು. ಮರುದಿನ ಚಿತ್ರ ಬಿಡಿಸುವ ಹುಡುಗಿ ಅವಳ ಮೇಜಿನ ಹತ್ತಿರ ಬಂದು, "ಅಕ್ಕ, ಆ ಬಟ್ಟಲಿನ ಒಳಗಡೆ ಯಾವ ಬಣ್ಣ ಅಂದ್ಕೊಂಡಿದ್ರಿ? ಕಪ್ಪಾ, ಕೆಂಪಾ?" ಎಂದು ಕೇಳಿದಳು.

"ಹೂಳೋಕ್ಮುಂಚೆ ಅಳತೆ ತಗೋತಿದ್ದೀರಾ?" ಎಂದಳು ಇವಳು.

ಹುಡುಗಿ ಏನೋ ಹೇಳಲು ಹೋಗಿ, ತುಟಿ ಕಚ್ಚಿಕೊಂಡು ಹೊರಟುಹೋದಳು.

ಕೊಲೆಯ ಯೋಚನೆ ಬಂದಾಗ ಅವಳಿಗೆ ಭಯವಾಗಲಿಲ್ಲ. ಬಹಳ ದಿನದಿಂದ ಕೂಡಿಬಾರದೆ ಸತಾಯಿಸುತ್ತಿದ್ದ ಒಂದು ಅಧ್ಯಾಯ ದಾರಿಗೆ ಬಂದ ಹಾಗೆ ಅನಿಸಿತು. ತಂಗಿಯ ಗಂಡ ಹೋದರೆ ಕಂಪನಿ ತಂಗಿಯದು. ತಂಗಿ ಚಿಕ್ಕಂದಿನಿಂದ ಅಕ್ಕ ಹಾಕಿದ ಗೆರೆ ದಾಟಿದವಳಲ್ಲ. ತಂಗಿ ಅಳುತ್ತಾಳೆ, ನಿಜ. ಅವ್ವ ಹೋದಾಗಲೂ ಅತ್ತಿದ್ದಳು, ಆಗಲೂ ಪಕ್ಕದಲ್ಲಿ ಕೂತು ಬೆನ್ನು ಸವರಿದವಳು ತಾನೇ. ಏಳೂ ವಸ್ತುಗಳು ಉಳಿಯಬೇಕಾದರೆ ಅಷ್ಟು ಕಣ್ಣೀರನ್ನು ನೋಡಲೇಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ರೀತಿ ಅವಳಿಗೆ ಹಿಡಿಸಿತು.

ಜಾಗ ಹುಡುಕುವ ಕಷ್ಟವೇ ಇರಲಿಲ್ಲ. ಕಟ್ಟಡದ ಹಿಂದಿನ ಮೆಟ್ಟಿಲಿನ ಮೇಲ್ತುದಿಯಲ್ಲಿ ಕಟಕಟೆ ತುಕ್ಕು ಹಿಡಿದು ಮುರಿದಿತ್ತು, ಅದನ್ನು ಕಿತ್ತುಹಾಕಿ ಒಂದು ಹಗ್ಗ ಅಡ್ಡ ಕಟ್ಟಿದ್ದರು. ಮೊಬೈಲಿಗೆ ಸರಿಯಾಗಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ತಂಗಿಯ ಗಂಡ ಊಟವಾದ ಮೇಲೆ ಅಲ್ಲಿ ಹೋಗಿ ನಿಲ್ಲುತ್ತಿದ್ದ. "ಆ ಹಗ್ಗ ನಂಬ್ಕೊಂಡು ನಿಲ್ಬೇಡಿ ಸಾರ್" ಎಂದು ಹೇಳದವರಿಲ್ಲ, ಅವನು ಕಿವಿಗೆ ಹಾಕಿಕೊಂಡದ್ದಿಲ್ಲ. ಅವಳೇ ಮುಂದಾಗಿ ಆಫೀಸ್ ಮ್ಯಾನೇಜರಿಗೆ ದೂರು ಕೊಟ್ಟಳು, ಕೆಲಸವಾಗದಿದ್ದಾಗ ಎಲ್ಲರ ಮುಂದೆ ರೇಗಿದಳು. ನಾಳೆ ಅವಘಡವಾದರೆ ಮೊದಲೇ ಎಚ್ಚರಿಸಿದವಳು ಅವಳೇ.

ಇನ್ನು ಬೇಕಾದದ್ದು ಆ ಹೊತ್ತಿನಲ್ಲಿ ತಾನು ಬೇರೆಡೆ ಇದ್ದೆ ಎನ್ನುವುದಕ್ಕೆ ಸಾಕ್ಷಿ. ಅದೂ ಕೈಯಳತೆಯಲ್ಲೇ ಇತ್ತು. ವಾರಕ್ಕೊಮ್ಮೆ, ಊಟದ ಹೊತ್ತು ಮುಗಿಯುವಾಗ, ಅವಳು ಧ್ವನಿಕೋಣೆಯಲ್ಲಿ ಕೂತು ಆಟದೊಳಗೆ ಓಡಾಡುತ್ತ ಈ ವಸ್ತುಗಳ ಕತೆಯನ್ನು ನೇರ ಪ್ರಸಾರದಲ್ಲಿ ಹೇಳುತ್ತಿದ್ದಳು. ನೋಡುವವರ ಸಂಖ್ಯೆ ಎರಡಂಕಿ ದಾಟಿದ್ದು ಅವಳಿಗೆ ನೆನಪಿಲ್ಲ. ಕೋಣೆಯ ಮುಂಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ಯಾರೂ ಒಳಗೆ ಬರುವಂತಿಲ್ಲ. ಕೋಣೆಗೆ ಇನ್ನೊಂದು ಬಾಗಿಲಿತ್ತು, ಅದು ತೆರೆಯುವುದು ಹಿಂದಿನ ಮೆಟ್ಟಿಲಿಗೆ.

ರಜೆಯ ದಿನ ಖಾಲಿ ಆಫೀಸಿಗೆ ಹೋಗಿ ಅವಳು ಕಾರ್ಯಕ್ರಮದ ಬಹುಪಾಲನ್ನು ಮೊದಲೇ ರೆಕಾರ್ಡ್ ಮಾಡಿಕೊಂಡಳು. ಯಾವಾಗಲೂ ಹಾಕುವ ಬೂದು ಸ್ವೆಟರ್, ಎಡಗಡೆ ಅದೇ ಲೋಟ. ನೋಡುವವರ ಪ್ರಶ್ನೆ ಓದುತ್ತಿರುವಂತೆ ನಡುನಡುವೆ ಕಣ್ಣು ಕಿರಿದು ಮಾಡಿ ಸುಮ್ಮನಾದಳು. ವಿಷಯ ಬಟ್ಟಲಿನದೇ, ಹಿಂದಿನ ವಾರವೇ "ಮುಂದಿನ ವಾರ ಏಳನೆಯದರ ಸರದಿ" ಎಂದು ಸಾರಿದ್ದಳು. ಗೂಬೆ ಎಂಬ ಹೆಸರಿಟ್ಟುಕೊಂಡ ಒಬ್ಬ ಖಾಯಂ ನೋಡುಗ ಇದ್ದ, ಯಾವ ವಸ್ತುವಿನ ಕತೆ ಹೇಳಿದರೂ ಅವನದು ಒಂದೇ ಪ್ರಶ್ನೆ: ಬಟ್ಟಲಿಗೆ ನೀರು ಯಾವಾಗ ಬರುತ್ತೆ? ಅದಕ್ಕೂ ಉತ್ತರ ರೆಕಾರ್ಡ್ ಮಾಡಿಟ್ಟಳು. ಕೋಟೆಯ ಕಟ್ಟೆಯ ಮುಂದೆ ನಿಂತು, ಒಳಗೆ ಬಗ್ಗಿ ತೋರಿಸಿ, "ಗೂಬೆಯವರೇ, ನೋಡಿ, ಇವತ್ತೂ ಒಣಗಿದೆ. ಸ್ವಲ್ಪ ತಾಳ್ಮೆ ಇರಲಿ" ಎಂದು ನಕ್ಕಳು. ನೋಡುಗರನ್ನು ಇಷ್ಟು ಚೆನ್ನಾಗಿ ಬಲ್ಲ ಬರಹಗಾರ್ತಿ ಇನ್ನೊಬ್ಬಳಿಲ್ಲ ಎಂದು ಆ ಕ್ಷಣ ಅವಳಿಗೆ ಹೆಮ್ಮೆಯಾಯಿತು. ಕೊನೆಯಲ್ಲಿ, ಸಡಿಲವಾದ ವೈರನ್ನು ಸರಿಮಾಡುವವಳಂತೆ ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿಗೆ ರೆಕಾರ್ಡಿಂಗ್ ಮುಗಿಯುತ್ತದೆ. ಬಗ್ಗಿದವಳು ರೆಕಾರ್ಡಿಂಗಿನವಳು, ತಲೆಯೆತ್ತುವವಳು ನಿಜದವಳು.

ಆ ದಿನ ಬೆಳಗ್ಗೆ ತಂಗಿ ಫೋನ್ ಮಾಡಿದ್ದಳು. "ಇವತ್ತು ನಿನ್ನ ಕಾರ್ಯಕ್ರಮ ಇದೆ ತಾನೆ? ಏನೇ ಆದ್ರೂ ತಪ್ಪಿಸ್ಬೇಡ ಕಣೇ ಅಕ್ಕ."

"ತಪ್ಪಿಸಲ್ಲ" ಎಂದಳು. ಕರುಣೆಯಿಂದ ಹೇಳುತ್ತಿದ್ದಾಳೆ ಎನಿಸಿ ಮೈಯೆಲ್ಲ ಉರಿಯಿತು.

ಧ್ವನಿಕೋಣೆಯಲ್ಲಿ ಕಂಪ್ಯೂಟರ್ ಹಚ್ಚಿದಾಗ ಆಟದ ಕಿಟಕಿ ತಾನಾಗಿ ತೆರೆದುಕೊಂಡು, ಹೊಸ ತಿದ್ದುಪಡಿ ಬಂದಿದೆ ಎಂದು ಉದ್ದನೆಯ ಒಕ್ಕಣೆಯೊಂದನ್ನು ಮುಂದಿಟ್ಟಿತು. ಆಗಾಗ ಬರುವ ತಲೆನೋವು ಅದು. ಕುದುರೆಯ ಲಾಳ ಸರಿಯಾಗಿದೆ, ಬೆಂಕಿಯ ಹೊಗೆ ಕಡಿಮೆಯಾಗಿದೆ, ಇಂಥವೇ. ಇವತ್ತು ಆಟವನ್ನು ತೆರೆಯುವ ಅಗತ್ಯವೇ ಅವಳಿಗಿರಲಿಲ್ಲ. ಮೂಲೆಯ ಗುಂಡಿ ಒತ್ತಿ ಅದನ್ನು ಕೆಳಗೆ ತಳ್ಳಿದಳು. ಕೆಂಪು ದೀಪ ಹಚ್ಚಿದಳು, ರೆಕಾರ್ಡಿಂಗ್ ಓಡಿಸಿದಳು, ತನ್ನ ಮುಖ ಪರದೆಯ ಮೇಲೆ "ನಮಸ್ಕಾರ" ಎನ್ನುವುದನ್ನು ಕೇಳಿಸಿಕೊಂಡು ಹಿಂಬಾಗಿಲು ತೆರೆದಳು.

ಅವನು ಹಗ್ಗದ ಪಕ್ಕದಲ್ಲೇ ಇದ್ದ. ಬೆನ್ನು ಈಚೆಗಿತ್ತು, ಕೈಯಲ್ಲಿ ಮೊಬೈಲು. ಯಾರೊಡನೆಯೋ ಮಾತಾಡುತ್ತಿದ್ದಾನೆ ಎಂದುಕೊಂಡಿದ್ದಳು. ಹತ್ತಿರ ಬಂದಾಗ ಅವನ ಅಂಗೈಯಿಂದ ಬರುತ್ತಿದ್ದದ್ದು ತನ್ನದೇ ಧ್ವನಿ ಎಂದು ತಿಳಿಯಿತು. ಇಷ್ಟು ವರ್ಷದಲ್ಲಿ ಒಂದು ದಿನ ನೋಡದವನು ಇವತ್ತು ನೋಡುತ್ತಿದ್ದಾನೆ. ಕಿತ್ತೊಗೆಯುವ ಮೊದಲು ಒಮ್ಮೆ ನೋಡಿಬಿಡೋಣ ಅಂತಲೋ? ಅವಳ ಕಾಲು ಅರೆಗಳಿಗೆ ನಿಂತಿತು, ಸಿಟ್ಟೇ ಅದನ್ನು ಮುಂದೆ ನೂಕಿತು.

ಸದ್ದಿಗೆ ಅವನು ತಿರುಗಿದ. "ಅಕ್ಕಾ! ನೀವು ಇಲ್ಲಿ?" ಎಂದ. ಮೊಬೈಲನ್ನು ನೋಡಿದ, ಅವಳನ್ನು ನೋಡಿದ. "ಮತ್ತೆ ಇಲ್ಲಿ ಇರೋದು..." ಮುಖದಲ್ಲಿ ಏನನ್ನೋ ಬಚ್ಚಿಟ್ಟುಕೊಂಡವರ ನಗೆ ಇನ್ನೂ ಪೂರ್ತಿ ಆರಿರಲಿಲ್ಲ.

ಅವಳು ಎರಡೂ ಕೈಯಿಂದ ತಳ್ಳಿದಳು. ಹಗ್ಗ ಒಂದು ಸಲ ಬಿಗಿಯಿತು, ಕಿತ್ತುಕೊಂಡಿತು. ಅವಳ ಧ್ವನಿಯೂ ಅವನ ಜೊತೆ ಕೆಳಗೆ ಹೋಯಿತು, ಹಿತ್ತಿಲಿನ ಸಿಮೆಂಟಿನ ಮೇಲೆ ನಿಂತಿತು. ಹಿಂಬದಿಯ ಕಿಟಕಿಗಳಲ್ಲಿ ಯಾರೂ ಇರಲಿಲ್ಲ.

ಮತ್ತೆ ಕೋಣೆಗೆ ಬಂದಾಗ ರೆಕಾರ್ಡಿಂಗಿನವಳು ಇನ್ನೂ ಮಾತಾಡುತ್ತಿದ್ದಳು. ಇವಳು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮೇಜಿನ ಕೆಳಗೆ ಕೂತು ಉಸಿರು ಹದಕ್ಕೆ ತಂದುಕೊಂಡಳು. ತನ್ನ ಧ್ವನಿ "ಒಂದ್ನಿಮಿಷ, ಈ ವೈರ್ ಯಾಕೋ..." ಎಂದದ್ದು ಕೇಳಿಸಿತು. ರೆಕಾರ್ಡಿಂಗಿನಿಂದ ಕ್ಯಾಮೆರಾಕ್ಕೆ ಬದಲಾಯಿಸುವ ಗುಂಡಿ ಒತ್ತಿದಳು, ನಿಧಾನವಾಗಿ ತಲೆಯೆತ್ತಿದಳು. "ಕ್ಷಮಿಸಿ, ಸಡಿಲಾಗಿತ್ತು" ಎಂದು ನಕ್ಕಳು. ಜೋಡಣೆ ಕಾಣದಷ್ಟು ಸೊಗಸಾಗಿತ್ತು.

ಆಗ ಮೊದಲ ಬಾರಿಗೆ ಪರದೆಯನ್ನು ನೋಡಿದಳು. ನೋಡುವವರ ಸಂಖ್ಯೆ ಐದಂಕಿಯಲ್ಲಿತ್ತು. ಬಲಗಡೆ ಸಾಲುಗಳು ಓದಲಾಗದಷ್ಟು ವೇಗವಾಗಿ ಮೇಲೇರುತ್ತಿದ್ದವು. 'ಅಕ್ಕ, ನಿಮ್ಮ ಬಟ್ಟಲಲ್ಲಿ ಯಾಕೆ ನೀರಿಲ್ಲ?' 'ಬೆಳಗ್ಗೆಯಿಂದ ನಮ್ಮೆಲ್ಲರದ್ದೂ ತುಂಬಿದೆಯಲ್ಲ!' 'ಹಳೇ ಆಟ ಇವತ್ತು ತೆರೆಯೋದೇ ಇಲ್ಲ, ಇವರು ಯಾವುದನ್ನ ಆಡ್ತಿದ್ದಾರೆ?' ಅವಳ ಕೈ ತಾನಾಗಿ ಹೋಗಿ, ಸ್ವಲ್ಪ ಹೊತ್ತಿನ ಹಿಂದೆ ಓದದೆ ಕೆಳಗೆ ತಳ್ಳಿದ್ದ ಒಕ್ಕಣೆಯನ್ನು ಮೇಲಕ್ಕೆಳೆಯಿತು. ಕುದುರೆಯ ಲಾಳದ ಸುದ್ದಿ ಅದರಲ್ಲಿರಲಿಲ್ಲ. 'ನಮ್ಮ ಅಕ್ಕ ಬರೆದ ಏಳನೆಯ ವಸ್ತುವನ್ನು ನಾನು ತುಂಬ ತಡವಾಗಿ ಓದಿದೆ. ಓದಿದ ಮೇಲೆ ಕೈಕಟ್ಟಿ ಕೂರಲು ಆಗಲಿಲ್ಲ. ಇವತ್ತಿನಿಂದ ಬಟ್ಟಲು ತುಂಬುತ್ತದೆ, ಹೊಸ ಆಟ ಇದರ ಕತೆಯಿಂದಲೇ ಶುರುವಾಗುತ್ತದೆ. ಇದು ಅವರಿಗೆ ಇನ್ನೂ ಗೊತ್ತಿಲ್ಲ. ಮಧ್ಯಾಹ್ನ ಅವರ ಕಾರ್ಯಕ್ರಮಕ್ಕೆ ಎಲ್ಲರೂ ಬನ್ನಿ, ಅವರು ಬಗ್ಗಿ ನೋಡುವಾಗ ಅವರ ಮುಖ ನೋಡೋಣ.' ಕೆಳಗೆ ತಂಗಿಯ ಗಂಡನ ಹೆಸರಿತ್ತು. ಹಿತ್ತಿಲಿನಿಂದ ಯಾರೋ ಕೂಗಿದ್ದು ಕೇಳಿಸಿತು, ಆಮೇಲೆ ಹಲವರ ಕೂಗು. ಪರದೆಯ ಮೇಲೆ ಗೂಬೆಯ ಸಾಲೊಂದು ಬಂತು. ಅವಳು ಬರೆದದ್ದನ್ನು ಅಕ್ಷರ ಬಿಡದೆ ಓದಿದವನು ಅವನು: 'ಎದುರಿಗೆ ಯಾರೂ ಇಲ್ಲದಿದ್ದರೆ ಬಟ್ಟಲು ಒಣಗಿರುತ್ತೆ ಅಂತ ನೀವೇ ಬರೆದಿದ್ದೀರಿ. ಅಕ್ಕ, ಇಷ್ಟು ಹೊತ್ತು ನೀವು ಅಲ್ಲಿ ಇರಲಿಲ್ವಾ?'